ಸಂವಿಧಾನ ಮುಗಿದ ಮೇಲೆ ಬಿ.ಎನ್. ರಾವ್ ಏನು ಮಾಡಿದರು?

ಎಲ್ಲಾ ಬ್ರಾಂಚಿನವರಿಗೂ ಇರೋ ಭಾರತದ ಸಂವಿಧಾನ ಪೇಪರ್ ನೆನಪಿದೆಯಲ್ವಾ? ಹಿಂದಿನ ರಾತ್ರಿ ಸೀನಿಯರ್ ಕಳಿಸಿದ ಪಿಡಿಎಫ್ ಮೇಲೆ ಒಂದು ಸಲ ಕಣ್ಣಾಡಿಸಿ, ಬೆಳಿಗ್ಗೆ ಹೋಗಿ ಉತ್ತರಕ್ಕೆ ಗೋಲ ತುಂಬಿ ಬರೋ ಪೇಪರ್. ಅದರಲ್ಲಿ ಆಗಾಗ ಬರೋ ಪ್ರಶ್ನೆ ಒಂದಿದೆ: ಸಂವಿಧಾನ ರಚನಾ ಸಭೆಯ ಸಲಹೆಗಾರರು ಯಾರು? ಉತ್ತರ ಬಿ.ಎನ್. ರಾವ್. ಒಂದು ಮಾರ್ಕು ಬಂತು, ನಾವು ಮುಂದಿನ ಪ್ರಶ್ನೆಗೆ ಹೋದ್ವಿ.

ಈ ಲೇಖನ ಆ ಒಂದು ಮಾರ್ಕು ಮುಗಿದ ಮೇಲಿನದ್ದು. ಸಂವಿಧಾನ ಜಾರಿಗೆ ಬಂದು ಐದೇ ತಿಂಗಳಿಗೆ, ಅಂದರೆ 1950ರ ಜೂನ್‌ನಲ್ಲಿ, ಕೊರಿಯಾದಲ್ಲಿ ಯುದ್ಧ ಶುರುವಾಯಿತು. ಭಾರತಕ್ಕೂ ಆ ಯುದ್ಧಕ್ಕೂ ನೇರ ಸಂಬಂಧ ಇರಲಿಲ್ಲ. ಆದರೂ ನಾವು ಯಾರ ಕಡೆ ಅಂತ ಹೇಳಲೇಬೇಕಾಯಿತು. ಹೇಳಬೇಕಾಗಿದ್ದ ಜಾಗದಲ್ಲಿ, ನ್ಯೂಯಾರ್ಕಿನ ಹತ್ತಿರ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಮೇಜಿನ ಮುಂದೆ, ಇಂಡಿಯಾ ಅಂತ ಬರೆದ ಹಲಗೆಯ ಹಿಂದೆ ಕೂತಿದ್ದವರು ನಮ್ಮ ಕರಾವಳಿಯ ಈ ರಾವ್. ಸಂವಿಧಾನದ ಕೆಲಸದಲ್ಲಿ ಅವರ ಪಾತ್ರದ ಬಗ್ಗೆ ಬೇಕಾದಷ್ಟು ಬರಹ ಸಿಗುತ್ತೆ. ಕೊರಿಯಾ ವಿಷಯದಲ್ಲಿ ಅವರು ಪಟ್ಟ ಪಾಡಿನ ಬಗ್ಗೆ ಕನ್ನಡದಲ್ಲಿ ನನಗೆ ಓದೋಕೆ ಹೆಚ್ಚೇನೂ ಸಿಗಲಿಲ್ಲ. ಅದಕ್ಕೇ ಬರೀತಿದೀನಿ.

ಪೂರ್ತಿ ಹೆಸರು ಬೆನೆಗಲ್ ನರಸಿಂಗ ರಾವ್. ಹುಟ್ಟಿದ್ದು 1887ರ ಫೆಬ್ರವರಿ 26ರಂದು, ದಕ್ಷಿಣ ಕನ್ನಡದ ಸಾರಸ್ವತ ಕುಟುಂಬದಲ್ಲಿ. ತಂದೆ ರಾಘವೇಂದ್ರ ರಾವ್ ಹೆಸರಾಂತ ಡಾಕ್ಟರು. ಮಂಗಳೂರಿನ ಕೆನರಾ ಹೈಸ್ಕೂಲಿನಲ್ಲಿ ಓದಿ, ಇಡೀ ಮದ್ರಾಸ್ ಪ್ರೆಸಿಡೆನ್ಸಿಗೇ ಮೊದಲಿಗರಾಗಿ ಪಾಸಾದರು (ಆಗ ಮಂಗಳೂರು ಮದ್ರಾಸ್ ಪ್ರೆಸಿಡೆನ್ಸಿಗೆ ಸೇರಿತ್ತು). ಆಮೇಲೆ ಡಿಗ್ರಿಯಲ್ಲಿ ಇಂಗ್ಲಿಷ್, ಫಿಸಿಕ್ಸ್, ಸಂಸ್ಕೃತ ಮೂರರಲ್ಲೂ ಫಸ್ಟ್ ಕ್ಲಾಸ್. ಮರುವರ್ಷ ಗಣಿತದಲ್ಲೂ ಒಂದು. ಫಿಸಿಕ್ಸ್ ಮತ್ತು ಸಂಸ್ಕೃತ ಒಟ್ಟಿಗೆ ತಗೊಳ್ಳೋಕೆ ಇವತ್ತು ಯಾವ ಯೂನಿವರ್ಸಿಟಿ ಬಿಡುತ್ತೋ ಗೊತ್ತಿಲ್ಲ! ಸ್ಕಾಲರ್‌ಶಿಪ್ ಮೇಲೆ ಕೇಂಬ್ರಿಡ್ಜಿನ ಟ್ರಿನಿಟಿ ಕಾಲೇಜಿಗೆ ಹೋದರು. ಅದೇ ಕಾಲೇಜಿನಲ್ಲಿ ಆಗ ಜವಾಹರಲಾಲ್ ನೆಹರೂ ಕೂಡ ಇದ್ದರು. ಸುಮಾರು ನಲವತ್ತು ವರ್ಷ ಆದಮೇಲೆ ಒಬ್ಬರು ದೆಹಲಿಯಿಂದ ಟೆಲಿಗ್ರಾಂ ಕಳಿಸೋದು, ಇನ್ನೊಬ್ಬರು ನ್ಯೂಯಾರ್ಕಿನಲ್ಲಿ ಅದಕ್ಕೆ ಕಾಯೋದು ಅಂತ ಆಗ ಇಬ್ಬರಿಗೂ ಗೊತ್ತಿರಲಿಲ್ಲ.

ತಮ್ಮಂದಿರೂ ಕಡಿಮೆಯವರಲ್ಲ. ರಾಮರಾವ್ 1949ರಿಂದ 57ರವರೆಗೆ ರಿಸರ್ವ್ ಬ್ಯಾಂಕಿನ ಗವರ್ನರ್; ಆ ಕಾಲದ ನೋಟುಗಳ ಮೇಲೆ ಇರೋದು ಅವರ ಸಹಿ. ಶಿವರಾವ್ ಪತ್ರಕರ್ತರು, ಸಂವಿಧಾನ ಸಭೆಯ ಸದಸ್ಯರು.

ನರಸಿಂಗ ರಾವ್ ಐಸಿಎಸ್ ಪಾಸ್ ಮಾಡಿ ಬಂಗಾಳದಲ್ಲಿ ಕೆಲಸಕ್ಕೆ ಸೇರಿದರು. ಜಿಲ್ಲಾ ಜಡ್ಜ್, ಅಸ್ಸಾಮಿನಲ್ಲಿ ಕಾನೂನು ಇಲಾಖೆ, ಕಲ್ಕತ್ತಾ ಹೈಕೋರ್ಟು, ಹೀಗೇ ಮೂವತ್ತು ವರ್ಷ. 1938ರಲ್ಲಿ ಸರ್ ಪದವಿ. ಈ ಭಾಗವನ್ನು ನಾನು ಬೇಗ ದಾಟಿಸ್ತೀನಿ. ಆದರೆ ಒಂದು ಕೆಲಸದ ಹತ್ತಿರ ನಿಲ್ಲಲೇಬೇಕು. ಸಿವಿಲ್‌ನವರು ಗಮನಿಸಿ.

1941ರಲ್ಲಿ ಸಿಂಧೂ ನದಿ ನೀರಿನ ಜಗಳ ಬಂತು. ಮೇಲಿನ ಪಂಜಾಬ್ ಭಾಕ್ರಾದಂಥ ದೊಡ್ಡ ಯೋಜನೆಗಳಿಗೆ ಹೊರಟಿತ್ತು. ಕೆಳಗಿನ ಸಿಂಧ್ ಪ್ರಾಂತ್ಯ, ಹಾಗಾದರೆ ನಮ್ಮ ಕಾಲುವೆಗೆ ನೀರೆಲ್ಲಿ ಬರುತ್ತೆ ಅಂತ ದೂರು ಕೊಟ್ಟಿತು. ಸರ್ಕಾರ ರಾವ್ ಅವರನ್ನು ಅಧ್ಯಕ್ಷರನ್ನಾಗಿ ಮಾಡಿ, ಜೊತೆಗೆ ಇಬ್ಬರು ಇಂಜಿನಿಯರ್‌ಗಳನ್ನು ಕೊಟ್ಟು ಆಯೋಗ ನೇಮಿಸಿತು. ನದಿ ಹುಟ್ಟೋದು ನಮ್ಮಲ್ಲಿ, ನೀರು ನಮ್ಮದು ಅಂತ ಮೇಲಿನವರು ಹೇಳೋ ಹಾಗಿಲ್ಲ, ಹಿಂದಿನಿಂದ ಬರ್ತಿದ್ದ ನೀರಿನಲ್ಲಿ ಒಂದು ಹನಿಯೂ ಕಮ್ಮಿ ಆಗಬಾರದು ಅಂತ ಕೆಳಗಿನವರೂ ಹೇಳೋ ಹಾಗಿಲ್ಲ, ನದೀಪಾತ್ರ ಪೂರ್ತಿ ಒಂದೇ ಅಂತ ನೋಡಿ ನ್ಯಾಯವಾಗಿ ಹಂಚಬೇಕು, ಸಾಧ್ಯವಾದರೆ ಇಬ್ಬರೂ ಮಾತಾಡಿಕೊಂಡೇ ಹಂಚಿಕೊಳ್ಳಬೇಕು ಅನ್ನೋದು 1942ರ ವರದಿಯ ಸಾರ. ಕಾವೇರಿ ಗಲಾಟೆ ನೋಡ್ತಾ ಬೆಳೆದ ನಮಗೆ ಈ ಎರಡೂ ವಾದ ಬಾಯಿಪಾಠ. ಇಬ್ಬರು ಜಗಳ ಆಡ್ತಿರೋವಾಗ ಮೊದಲ ಕೆಲಸ ಯಾರು ತಪ್ಪು ಅಂತ ತೀರ್ಪು ಕೊಡೋದಲ್ಲ, ಇಬ್ಬರನ್ನೂ ಒಂದು ಮೇಜಿಗೆ ಕೂರಿಸೋದು. ಈ ಬುದ್ಧಿ ಅವರಿಗೆ ನದಿಯಿಂದ ಬಂತೋ ಕೋರ್ಟಿನಿಂದ ಬಂತೋ, ಕೊರಿಯಾದಲ್ಲೂ ಅದನ್ನೇ ಮಾಡೋಕೆ ಹೋದರು.

ನಡುವೆ 1944ರಲ್ಲಿ ಜಮ್ಮು ಮತ್ತು ಕಾಶ್ಮೀರ ಸಂಸ್ಥಾನದ ಪ್ರಧಾನಮಂತ್ರಿಯಾದರು. ಮಹಾರಾಜರ ಜೊತೆ ಹೊಂದಾಣಿಕೆ ಆಗಲಿಲ್ಲ, 1945ರಲ್ಲಿ ಅಲ್ಲಿಂದ ಹೊರಬಂದರು. 1946ರಿಂದ ಸಂವಿಧಾನದ ಕೆಲಸ. ಅವರ ಮೊದಲ ಕರಡಿನಲ್ಲಿ 243 ವಿಧಿ, 13 ಅನುಸೂಚಿ ಇದ್ದವು. ಅಂಬೇಡ್ಕರ್ ಸಮಿತಿ ಅದನ್ನು ಮುಂದಿಟ್ಟುಕೊಂಡೇ ಕೆಲಸ ಶುರು ಮಾಡಿತು. ಬರ್ಮಾ ದೇಶದ ಸಂವಿಧಾನಕ್ಕೂ ಸಹಾಯ ಮಾಡಿದರು. ಅದೆಲ್ಲಾ ಮುಗಿಯೋ ಹೊತ್ತಿಗೆ ಅರವತ್ತು ದಾಟಿತ್ತು. ಆಗ ನೆಹರೂ ಸರ್ಕಾರ ಅವರನ್ನು ವಿಶ್ವಸಂಸ್ಥೆಯ ಖಾಯಂ ಪ್ರತಿನಿಧಿ ಮಾಡಿ ನ್ಯೂಯಾರ್ಕಿಗೆ ಕಳಿಸಿತು. ರಾಜಕಾರಣಿ ಅಲ್ಲ, ಭಾಷಣಕಾರರೂ ಅಲ್ಲ, ಮೆತ್ತಗೆ ಮಾತಾಡೋ ಜಡ್ಜ್.

ಈಗ ಕೊರಿಯಾ. ಸ್ವಲ್ಪ ಹಿನ್ನೆಲೆ ಬೇಕು. 1945ರ ಆಗಸ್ಟ್‌ನಲ್ಲಿ ಜಪಾನ್ ಸೋಲುತ್ತಿದ್ದಾಗ, ಕೊರಿಯಾದಲ್ಲಿ ಜಪಾನಿ ಸೈನ್ಯ ಯಾರಿಗೆ ಶರಣಾಗಬೇಕು ಅನ್ನೋ ಪ್ರಶ್ನೆ ಬಂತು. ವಾಷಿಂಗ್ಟನ್ನಿನಲ್ಲಿ ಇಬ್ಬರು ಅಧಿಕಾರಿಗಳು ರಾತ್ರೋರಾತ್ರಿ ಒಂದು ನ್ಯಾಷನಲ್ ಜಿಯೋಗ್ರಾಫಿಕ್ ನಕ್ಷೆ ಹರಡಿಕೊಂಡು 38ನೇ ಅಕ್ಷಾಂಶ ಅಂತ ನಿರ್ಧರಿಸಿದರು. ರೇಖೆಯ ಮೇಲೆ ರಷ್ಯಾ, ಕೆಳಗೆ ಅಮೆರಿಕ. ಬೆಟ್ಟ, ನದಿ, ಊರು ಏನನ್ನೂ ನೋಡದೆ ಹಾಕಿದ ಗೆರೆ. ತಾತ್ಕಾಲಿಕ ಅಂತ ಹಾಕಿದ್ದು ಎರಡು ದೇಶವಾಗಿ ಗಟ್ಟಿಯಾಯಿತು. 1948ರಲ್ಲಿ ಕೊರಿಯಾದಲ್ಲಿ ಚುನಾವಣೆ ನಡೆಸಲು ಹೋದ ವಿಶ್ವಸಂಸ್ಥೆಯ ಆಯೋಗದ ಅಧ್ಯಕ್ಷರಾಗಿದ್ದವರು ಭಾರತದ ಕೆ.ಪಿ.ಎಸ್. ಮೆನನ್. ಅಂದರೆ ನಮಗೆ ಆ ಊರಿನ ವ್ಯವಹಾರ ಪೂರ್ತಿ ಹೊಸದೇನೂ ಆಗಿರಲಿಲ್ಲ.

ಇನ್ನೊಂದು ಗಂಟು ಚೀನಾದ್ದು. 1949ರಲ್ಲಿ ಮಾವೋ ಗೆದ್ದು ಪೀಕಿಂಗಿನಲ್ಲಿ ಸರ್ಕಾರ ಮಾಡಿದರೂ ವಿಶ್ವಸಂಸ್ಥೆಯಲ್ಲಿ ಚೀನಾದ ಕುರ್ಚಿ ಮಾತ್ರ ತೈವಾನಿಗೆ ಓಡಿಹೋದ ಚಿಯಾಂಗ್ ಕೈ ಶೇಕ್ ಸರ್ಕಾರದ ಹತ್ತಿರವೇ ಉಳಿಯಿತು. ಭಾರತ 1949ರ ಡಿಸೆಂಬರ್ 30ರಂದೇ ಪೀಕಿಂಗ್ ಸರ್ಕಾರವನ್ನು ಒಪ್ಪಿತ್ತು, ಅಮೆರಿಕ ಒಪ್ಪಿರಲಿಲ್ಲ. ಈ ಕುರ್ಚಿ ವಿಷಯಕ್ಕೇ ಸಿಟ್ಟಾಗಿ ರಷ್ಯಾ 1950ರ ಜನವರಿಯಿಂದ ಭದ್ರತಾ ಮಂಡಳಿಗೆ ಬರೋದನ್ನೇ ಬಿಟ್ಟಿತ್ತು.

ಮಂಡಳಿಯಲ್ಲಿ ಆಗ ಹನ್ನೊಂದು ಸದಸ್ಯರು. ಅಧ್ಯಕ್ಷ ಸ್ಥಾನ ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ ತಿಂಗಳಿಗೊಬ್ಬರಿಗೆ. ಮೇ ತಿಂಗಳು ಫ್ರಾನ್ಸ್, ಜೂನ್ ಇಂಡಿಯಾ. ಜೂನ್ 25ಕ್ಕೆ ಉತ್ತರ ಕೊರಿಯಾದ ಸೈನ್ಯ ಗೆರೆ ದಾಟಿತು. ಅಧ್ಯಕ್ಷ ಕುರ್ಚಿಯಲ್ಲಿ ಯಾರು? ರಾವ್. ಅಕ್ಷರಮಾಲೆ ಮಾಡಿದ ಕಿತಾಪತಿ ನೋಡಿ.

ಅವತ್ತು ಭಾನುವಾರ. ಮಂಡಳಿ ಸೇರಿದ್ದು ಲೇಕ್ ಸಕ್ಸೆಸ್ ಅನ್ನೋ ಊರಲ್ಲಿ, ಸ್ಪೆರಿ ಕಂಪನಿಯ ಗೈರೋಸ್ಕೋಪ್ ಫ್ಯಾಕ್ಟರಿಯಲ್ಲಿ (ಸ್ವಂತ ಕಟ್ಟಡ ಆಗೋವರೆಗೆ ವಿಶ್ವಸಂಸ್ಥೆ ಅಲ್ಲೇ ಬಾಡಿಗೆಗಿತ್ತು). ಹೋರಾಟ ನಿಲ್ಲಲಿ, ಉತ್ತರದ ಸೈನ್ಯ ಗೆರೆಯಾಚೆ ವಾಪಸ್ ಹೋಗಲಿ ಅಂತ ನಿರ್ಣಯ. ದೆಹಲಿಗೆ ಕೇಳಿ, ಅವರು ಚರ್ಚೆ ಮಾಡಿ, ಉತ್ತರ ಬರೋವಷ್ಟು ಪುರುಸೊತ್ತು ಇರಲಿಲ್ಲ. ಕೊರಿಯಾದಲ್ಲಿದ್ದ ವಿಶ್ವಸಂಸ್ಥೆಯ ಆಯೋಗವೇ ವರದಿ ಕಳಿಸಿತ್ತು, ಅದರಲ್ಲಿ ಭಾರತವೂ ಇತ್ತು. ರಾವ್ ಪರವಾಗಿ ಕೈ ಎತ್ತಿದರು. ಒಂಬತ್ತು ಮತ ಪರ, ಯುಗೊಸ್ಲಾವಿಯಾ ತಟಸ್ಥ, ರಷ್ಯಾ ಗೈರು.

ಎರಡೇ ದಿನಕ್ಕೆ, ಜೂನ್ 27ಕ್ಕೆ, ಎರಡನೇ ನಿರ್ಣಯ. ದಕ್ಷಿಣ ಕೊರಿಯಾಗೆ ಎಲ್ಲ ಸದಸ್ಯ ದೇಶಗಳೂ ಸಹಾಯ ಮಾಡಲಿ ಅನ್ನೋದು ಅದು. ಸಹಾಯ ಅಂದರೆ ಸೈನ್ಯ. ಅದೇ ದಿನ ವೋಟಿಗೆ ಮುಂಚೆಯೇ ಅಧ್ಯಕ್ಷ ಟ್ರೂಮನ್, ಅಮೆರಿಕದ ವಿಮಾನ ಮತ್ತು ನೌಕಾಪಡೆ ಹೊರಟಿದೆ ಅಂತ ಘೋಷಿಸಿಬಿಟ್ಟಿದ್ದರು. ಜೊತೆಗೆ ತೈವಾನ್ ಜಲಸಂಧಿಗೂ ಏಳನೇ ನೌಕಾಪಡೆ ಕಳಿಸಿದ್ದರು. ಈಗ ಕೊರಿಯಾ ಪ್ರಶ್ನೆಗೆ ಚೀನಾ ಪ್ರಶ್ನೆ ಅಂಟಿಕೊಂಡಿತು. ರಾವ್ ಅವರಿಗೆ ಇನ್ನೂ ದೆಹಲಿಯ ಸೂಚನೆ ಬಂದಿರಲಿಲ್ಲ. ಸಭೆಯನ್ನು ಗಂಟೆಗಟ್ಟಲೆ ನಿಲ್ಲಿಸಿ ಕಾದರು. ನ್ಯೂಯಾರ್ಕಿನಲ್ಲಿ ಸಂಜೆ ಅಂದರೆ ದೆಹಲಿಯಲ್ಲಿ ನಡುರಾತ್ರಿ ಕಳೆದಿರುತ್ತೆ. ರಾತ್ರಿಯವರೆಗೂ ಏನೂ ಬರಲಿಲ್ಲ. ಕೊನೆಗೆ ಅಧ್ಯಕ್ಷರಾಗಿ ವೋಟು ನಡೆಸಿಕೊಟ್ಟರು, ಆದರೆ ಭಾರತದ ಪ್ರತಿನಿಧಿಯಾಗಿ ವೋಟಿನಲ್ಲಿ ಭಾಗವಹಿಸಲಿಲ್ಲ. ಈಜಿಪ್ಟ್ ಕೂಡ ಹಾಗೇ ಮಾಡಿತು. ಏಳು ಮತದಿಂದ ನಿರ್ಣಯ ಪಾಸಾಯಿತು, ಬೇಕಾಗಿದ್ದೂ ಸರಿಯಾಗಿ ಏಳೇ.

ಜೂನ್ 29ಕ್ಕೆ ದೆಹಲಿಯ ಸಂಪುಟ ತೀರ್ಮಾನಿಸಿ ಎರಡನೇ ನಿರ್ಣಯವನ್ನೂ ಒಪ್ಪಿದ್ದೀವಿ ಅಂತ ತಿಳಿಸಿತು. ಆದರೆ ಒಪ್ಪಿಗೆಯ ಅರ್ಥ ಸೈನ್ಯ ಕಳಿಸ್ತೀವಿ ಅಂತ ಅಲ್ಲ. ಜುಲೈ 7ಕ್ಕೆ ಮೂರನೇ ನಿರ್ಣಯ ಬಂತು: ವಿಶ್ವಸಂಸ್ಥೆಯ ಬಾವುಟದ ಕೆಳಗೆ ಒಂದೇ ಸೈನ್ಯ, ಅದರ ದಂಡನಾಯಕನನ್ನು ಅಮೆರಿಕ ನೇಮಿಸುತ್ತೆ. ಭಾರತ ಈ ಸಲ ತಟಸ್ಥ.

ಪರ, ತಡವಾಗಿ ಪರ, ತಟಸ್ಥ. ಹದಿಮೂರು ದಿನಕ್ಕೆ ಮೂರು ನಿಲುವು. ಅಮೆರಿಕದ ಪತ್ರಿಕೆಗಳಿಗೆ ಇದು ಹೊಯ್ದಾಟದಂತೆ ಕಂಡಿತು. ಮೊದಲು ಓದಿದಾಗ ನನಗೂ ಹಾಗೇ ಅನ್ನಿಸಿತ್ತು. ಆದರೆ ಮೂರು ನಿರ್ಣಯಗಳನ್ನು ಪಕ್ಕ ಪಕ್ಕ ಇಟ್ಟು ನೋಡಿದರೆ ಮೂರೂ ಬೇರೆ ಬೇರೆ ಪ್ರಶ್ನೆ. ದಾಳಿ ಮಾಡಿದ್ದು ತಪ್ಪಾ? ಹೌದು. ದಾಳಿಗೊಳಗಾದವರಿಗೆ ಸಹಾಯ ಸಿಗಬೇಕಾ? ಹೌದು. ಆ ಸಹಾಯವನ್ನು ಒಂದು ದೊಡ್ಡ ದೇಶ ತನ್ನ ಇಷ್ಟದಂತೆ ನಡೆಸಬಹುದಾ? ಅಲ್ಲಿ ನಿಂತರು. ಕನ್ನಡದ ತಟಸ್ಥ ಅನ್ನೋ ಪದಕ್ಕೆ ದಡದಲ್ಲಿ ನಿಂತವನು ಅಂತ ಅರ್ಥ ಅಂತೆ, ಈ ಲೇಖನ ಬರೆಯೋವಾಗ ನಿಘಂಟು ನೋಡಿ ಗೊತ್ತಾಯಿತು. ಮುಂದಿನ ಏಳು ತಿಂಗಳು ರಾವ್ ಮಾಡಿದ್ದಕ್ಕೆ ಆ ಪದ ಸರಿಹೊಂದಲ್ಲ.

ಅಂದಹಾಗೆ ಭಾರತ ಕೊರಿಯಾಗೆ ಏನೂ ಕಳಿಸಲಿಲ್ಲ ಅಂತಲ್ಲ. ಲೆಫ್ಟಿನೆಂಟ್ ಕರ್ನಲ್ ಎ.ಜಿ. ರಂಗರಾಜ್ ಅವರ 60ನೇ ಪ್ಯಾರಾಶೂಟ್ ಫೀಲ್ಡ್ ಆಂಬುಲೆನ್ಸ್, ಅಂದರೆ ವಿಮಾನದಿಂದ ಹಾರೋ ವೈದ್ಯರ ತಂಡ, ನವೆಂಬರ್‌ನಲ್ಲಿ ಅಲ್ಲಿಗೆ ಹೋಯಿತು. ಬಂದೂಕಿನ ಬದಲು ಬ್ಯಾಂಡೇಜು. 1951ರ ಮಾರ್ಚ್‌ನಲ್ಲಿ ಅವರಲ್ಲಿ ಕೆಲವರು ಅಮೆರಿಕನ್ ಸೈನಿಕರ ಜೊತೆ ಪ್ಯಾರಾಶೂಟ್‌ನಲ್ಲಿ ಇಳಿದು ಯುದ್ಧಭೂಮಿಯಲ್ಲೇ ಗಾಯಾಳುಗಳನ್ನು ನೋಡಿಕೊಂಡರು.

ಆಗಸ್ಟ್‌ನಲ್ಲಿ ರಷ್ಯಾ ಮಂಡಳಿಗೆ ವಾಪಸ್ ಬಂತು, ಬಂದು ದಿನವೂ ಜಗಳ. ದೊಡ್ಡವರ ಜಗಳ ಬಿಡಿ, ಖಾಯಂ ಅಲ್ಲದ ಆರು ಸಣ್ಣ ದೇಶಗಳ ಸಮಿತಿ ಮಾಡಿ ಶಾಂತಿಯ ಪ್ರಸ್ತಾಪಗಳನ್ನು ನೋಡೋಣ ಅಂತ ರಾವ್ ಆಗಸ್ಟ್ 14ಕ್ಕೆ ಸಲಹೆ ಕೊಟ್ಟರು. ಯಾರೂ ಕೈಗೆತ್ತಿಕೊಳ್ಳಲಿಲ್ಲ.

ಸೆಪ್ಟೆಂಬರ್‌ನಲ್ಲಿ ಯುದ್ಧದ ದಿಕ್ಕು ಬದಲಾಯಿತು. ಜನರಲ್ ಮ್ಯಾಕ್‌ಆರ್ಥರ್ ಇಂಚಾನ್‌ನಲ್ಲಿ ಸೈನ್ಯ ಇಳಿಸಿ ಉತ್ತರದವರನ್ನು ಗೆರೆಯವರೆಗೂ ಅಟ್ಟಿಬಿಟ್ಟ. ಈಗ ಅಮೆರಿಕದ ಮುಂದಿನ ಪ್ರಶ್ನೆ: ಗೆರೆ ದಾಟಬೇಕಾ? ಅಕ್ಟೋಬರ್ 3ರ ಮಧ್ಯರಾತ್ರಿ ದಾಟಿದ ಮೇಲೆ ಪೀಕಿಂಗಿನಲ್ಲಿ ಚೀನಾದ ಪ್ರಧಾನಿ ಚೌ ಎನ್‌ಲಾಯ್ ಭಾರತದ ರಾಯಭಾರಿ ಕೆ.ಎಂ. ಪಣಿಕ್ಕರ್ ಅವರನ್ನು ಮನೆಗೆ ಕರೆಸಿಕೊಂಡರು. ಅಮೆರಿಕದ ಸೈನ್ಯ ಗೆರೆ ದಾಟಿದರೆ ಚೀನಾ ಯುದ್ಧಕ್ಕೆ ಇಳಿಯುತ್ತೆ ಅನ್ನೋದು ಸಂದೇಶ. ಅದು ಪೀಕಿಂಗಿನಿಂದ ದೆಹಲಿ, ದೆಹಲಿಯಿಂದ ಲಂಡನ್, ವಾಷಿಂಗ್ಟನ್ ಎಲ್ಲಾ ಕಡೆ ಹೋಯಿತು. ವಾಷಿಂಗ್ಟನ್ ನಂಬಲಿಲ್ಲ. ಪಣಿಕ್ಕರ್ ಚೀನಾ ಪರ ಅಂತ ಅವರ ಲೆಕ್ಕಾಚಾರ. ಲೇಕ್ ಸಕ್ಸೆಸ್‌ನಲ್ಲಿ ರಾವ್, ದುಡುಕಬೇಡಿ, ಒಂದು ಉಪಸಮಿತಿ ಮಾಡಿ ಎರಡು ಕಡೆಯ ಪ್ರಸ್ತಾಪ ಸೇರಿಸೋಕೆ ಆಗುತ್ತಾ ನೋಡೋಣ ಅಂದರು. ಅದೂ ಬಿತ್ತು. ಅಕ್ಟೋಬರ್ 7ಕ್ಕೆ ಸಾಮಾನ್ಯ ಸಭೆ 47 ಮತಗಳಿಂದ ಕೊರಿಯಾ ಒಂದಾಗಲಿ ಅನ್ನೋ ನಿರ್ಣಯ ಮಾಡಿತು. ಅಂದರೆ ಗೆರೆ ದಾಟಲು ದಾರಿ. ಭಾರತ ತಟಸ್ಥ.

ಅದೇ ತಿಂಗಳು ಚೀನಾ ಸೈನ್ಯ ಯಾಲು ನದಿ ದಾಟಿ ಕೊರಿಯಾ ಸೇರಿತು. ನವೆಂಬರ್ ಕೊನೆಗೆ ದೊಡ್ಡ ದಾಳಿ, ಅಮೆರಿಕದ ಸೈನ್ಯ ಹಿಮದಲ್ಲಿ ಹಿಂದೆ ಸರಿಯಿತು. ನವೆಂಬರ್ 30ಕ್ಕೆ ಟ್ರೂಮನ್ ಪತ್ರಿಕಾಗೋಷ್ಠಿಯಲ್ಲಿ ಅಣುಬಾಂಬಿನ ಮಾತು ಬಂತು. ಹಿರೋಶಿಮಾ ಆಗಿ ಐದೇ ವರ್ಷ. ಮೂರನೇ ಮಹಾಯುದ್ಧ ಅಂತ ಜನ ನಿಜವಾಗಿಯೂ ಹೆದರಿದ ದಿನಗಳು ಅವು.

ರಾವ್ ಅವರ ಜೀವನದ ಅತಿ ಕಷ್ಟದ ಎಂಟು ವಾರ ಇಲ್ಲಿಂದ ಶುರು. ಪೀಕಿಂಗ್ ಸರ್ಕಾರದ ಪ್ರತಿನಿಧಿಯಾಗಿ ವೂ ಶಿಯುಚುವಾನ್ ಅನ್ನೋರು ಒಂದು ತಂಡದ ಜೊತೆ ನ್ಯೂಯಾರ್ಕಿಗೆ ಬಂದಿದ್ದರು. ಅಮೆರಿಕ ಅವರ ಸರ್ಕಾರವನ್ನೇ ಒಪ್ಪಿಲ್ಲ, ಮಾತಾಡೋದು ಹೇಗೆ? ಭಾರತ ಒಪ್ಪಿದೆ, ಹಾಗಾಗಿ ರಾವ್ ಹೋಗಿ ಮಾತಾಡಬಹುದು. ಕುರ್ಚಿ ವಿಷಯದಲ್ಲಿ ತಗೊಂಡ ನಿಲುವಿನ ಉಪಯೋಗ ಇಲ್ಲಿ ಕಾಣುತ್ತೆ. ಬಾಗಿಲು ತೆರೆದಿಟ್ಟವನ ಮನೆಗೆ ತಾನೇ ಎರಡೂ ಕಡೆಯವರು ಬರೋದು. ಡಿಸೆಂಬರ್ 5ಕ್ಕೆ ಏಷ್ಯಾ ಮತ್ತು ಅರಬ್ ದೇಶಗಳು ಹದಿಮೂರು ಸೇರಿ, ಚೀನಾ ಈಗ ತಾನು 38ನೇ ಗೆರೆ ದಾಟಬಾರದು ಅಂತ ಮನವಿ ಮಾಡಿದವು. ಗುಂಪನ್ನು ಜೋಡಿಸಿದ್ದರಲ್ಲಿ ರಾವ್ ಮುಂದಿದ್ದರು. ಆ ಹದಿಮೂರರಲ್ಲಿ ಪಾಕಿಸ್ತಾನವೂ ಇತ್ತು! ಡಿಸೆಂಬರ್ 14ಕ್ಕೆ ಅವರ ನಿರ್ಣಯ 52 ಮತಗಳಿಂದ ಪಾಸಾಗಿ, ಕದನ ವಿರಾಮದ ದಾರಿ ಹುಡುಕಲು ಮೂವರ ತಂಡ ಆಯಿತು: ಇರಾನಿನ ಎಂತೆಜಾಮ್, ಕೆನಡಾದ ಲೆಸ್ಟರ್ ಪಿಯರ್ಸನ್, ಮೂರನೆಯವರು ರಾವ್. (ಪಿಯರ್ಸನ್ ಮುಂದೆ ನೊಬೆಲ್ ಶಾಂತಿ ಪ್ರಶಸ್ತಿ ಪಡೆದರು, ಕೆನಡಾದ ಪ್ರಧಾನಿಯೂ ಆದರು.)

ಚೀನಾ ಈ ತಂಡವನ್ನು ಒಪ್ಪಲಿಲ್ಲ. ತನಗೆ ಕುರ್ಚಿಯೇ ಇಲ್ಲದ ಸಭೆ ಮಾಡಿದ ತಂಡದ ಜೊತೆ ಏನು ಮಾತು, ಕದನ ವಿರಾಮ ಅನ್ನೋದು ಸೋಲುತ್ತಿರೋ ಅಮೆರಿಕಕ್ಕೆ ಉಸಿರಾಡೋಕೆ ಸಮಯ ಕೊಡೋ ಉಪಾಯ ಅಂತ ಅವರ ಅನುಮಾನ. ವೂ ತಂಡ ಡಿಸೆಂಬರ್ 19ಕ್ಕೆ ಊರಿಗೆ ಹೊರಟಿತು. ಹೊಸ ವರ್ಷದ ಹಿಂದಿನ ರಾತ್ರಿ ಚೀನಾ ಸೈನ್ಯ ಗೆರೆ ದಾಟಿತು, ಜನವರಿ 4ಕ್ಕೆ ಸೋಲ್ ನಗರ ಅವರ ಕೈಗೆ ಹೋಯಿತು.

ಇಲ್ಲಿಗೆ ಕೈ ಬಿಡಬಹುದಿತ್ತು. ಬಿಡಲಿಲ್ಲ. ಜನವರಿ 11ಕ್ಕೆ ಮೂವರೂ ಸೇರಿ ಐದು ಅಂಶದ ಸೂತ್ರ ಮುಂದಿಟ್ಟರು. ಮೊದಲು ಕದನ ವಿರಾಮ, ಆಮೇಲೆ ಹಂತ ಹಂತವಾಗಿ ಹೊರಗಿನ ಸೈನ್ಯಗಳ ವಾಪಸಾತಿ, ಕೊನೆಗೆ ಅಮೆರಿಕ, ಬ್ರಿಟನ್, ರಷ್ಯಾ, ಚೀನಾ ಕೂತು ತೈವಾನ್ ಮತ್ತು ಕುರ್ಚಿ ವಿಷಯ ಸೇರಿ ಎಲ್ಲಾ ಮಾತಾಡೋದು. ಅಮೆರಿಕವೂ ಇದಕ್ಕೆ ವೋಟು ಹಾಕಿತು, ಚೀನಾ ಹೇಗೂ ಬೇಡ ಅನ್ನುತ್ತೆ ಅನ್ನೋ ಲೆಕ್ಕದಲ್ಲಿ. ಜನವರಿ 17ಕ್ಕೆ ಚೀನಾ ಉತ್ತರ ಕೊಟ್ಟಿತು: ಮೊದಲು ಮಾತುಕತೆ, ಆಮೇಲೆ ಕದನ ವಿರಾಮ. ಅಮೆರಿಕ ಇದು ತಿರಸ್ಕಾರ ಅಂತ ಘೋಷಿಸಿ, ಚೀನಾವನ್ನು ಆಕ್ರಮಣಕಾರ ಅಂತ ಕರೆಯೋ ನಿರ್ಣಯ ತಂದಿತು.

ರಾವ್ ಅದನ್ನು ಪೂರ್ತಿ ತಿರಸ್ಕಾರ ಅಂತ ಓದಲಿಲ್ಲ, ಚೌಕಾಸಿ ಅಂತ ಓದಿದರು. ಪಣಿಕ್ಕರ್ ಮೂಲಕ ಪೀಕಿಂಗಿಗೆ ಮತ್ತೆ ಕೇಳಿಸಿದರು. ಜನವರಿ 22ಕ್ಕೆ ಉತ್ತರ ಬಂತು. ಅದರಲ್ಲಿ ಚೀನಾ ಸ್ವಲ್ಪ ಬಗ್ಗಿತ್ತು, ಸಮಯ ಕಟ್ಟಿದ ಕದನ ವಿರಾಮ ಮೊದಲೇ ಆಗಬಹುದು ಅನ್ನೋ ತನಕ. ಅದನ್ನು ಸಮಿತಿಯಲ್ಲಿ ಓದಿ ಹೇಳಿ 48 ಗಂಟೆ ಸಮಯ ಕೊಡಿ ಅಂದರು. ಅಮೆರಿಕ ಬೇಡ ಅಂದರೂ ಸಭೆ ಸಮಯ ಕೊಟ್ಟಿತು. ಒಂದು ಅಸೈನ್‌ಮೆಂಟಿಗೆ ಎರಡು ದಿನ ಹೆಚ್ಚು ಕೇಳೋಕೆ ನಾವು ಎಷ್ಟು ಒದ್ದಾಡ್ತೀವಿ, ಇವರು ಕೇಳಿದ್ದು ಯುದ್ಧಕ್ಕೆ.

ಎರಡು ದಿನ ಸಾಕಾಗಲಿಲ್ಲ. 1951ರ ಫೆಬ್ರವರಿ 1ಕ್ಕೆ ನಿರ್ಣಯ 44 ಮತಗಳಿಂದ ಪಾಸಾಯಿತು. ವಿರುದ್ಧ ಬಿದ್ದ ಮತ ಏಳು: ರಷ್ಯಾ ಗುಂಪಿನ ಐದು, ಬರ್ಮಾ, ಭಾರತ. ಈ ಸಲ ತಟಸ್ಥವೂ ಅಲ್ಲ, ನೇರವಾಗಿ ಬೇಡ ಅಂತ. ಒಬ್ಬನನ್ನು ಅಪರಾಧಿ ಅಂತ ಸಾರಿದ ಮೇಲೆ ಅವನ ಜೊತೆ ಸಂಧಾನಕ್ಕೆ ಕೂರೋಕೆ ಆಗಲ್ಲ ಅನ್ನೋದು ರಾವ್ ವಾದ. ಕದನ ವಿರಾಮ ಕೊನೆಗೂ ಆಗಿದ್ದು 1953ರ ಜುಲೈ 27ಕ್ಕೆ, ಅದೂ ಹೆಚ್ಚು ಕಡಿಮೆ ಅದೇ 38ನೇ ಗೆರೆಯ ಹತ್ತಿರ. ಎರಡೂವರೆ ವರ್ಷ ಆದಮೇಲೆ.

ಈ ಒಂದು ಮತಕ್ಕೆ ನಾವು ಏನು ಬೆಲೆ ಕೊಟ್ಟೆವು ಅನ್ನೋದು ಯಾಕೋ ಯಾರೂ ಹೆಚ್ಚು ಹೇಳಲ್ಲ. 1950ರ ಕೊನೆಗೆ ನಮ್ಮಲ್ಲಿ ಮಳೆ ಕೈಕೊಟ್ಟು, ಬಿಹಾರ, ಮದ್ರಾಸ್ ಕಡೆ ಬರದ ಭಯ. ರೇಷನ್ ಕಡಿತ. ಡಿಸೆಂಬರ್‌ನಲ್ಲಿ ಭಾರತ ಅಮೆರಿಕವನ್ನು 20 ಲಕ್ಷ ಟನ್ ಧಾನ್ಯ ಕೇಳಿತು. ಅಂದರೆ ಒಂದು ಕೈಯಲ್ಲಿ ಗೋಧಿ ಕೇಳ್ತಾ ಇನ್ನೊಂದು ಕೈಯಲ್ಲಿ ಅವರ ನಿರ್ಣಯದ ವಿರುದ್ಧ ವೋಟು. ಟ್ರೂಮನ್ ಫೆಬ್ರವರಿಯಲ್ಲಿ ತಮ್ಮ ಸಂಸತ್ತಿಗೆ ಶಿಫಾರಸು ಮಾಡಿದರು, ಆದರೆ ಕೊರಿಯಾ ವಿಷಯಕ್ಕೆ ಸಿಟ್ಟಾಗಿದ್ದ ಸದಸ್ಯರು ತಿಂಗಳುಗಟ್ಟಲೆ ಎಳೆದರು. ಜೂನ್‌ನಲ್ಲಿ ಕಾನೂನು ಆಯಿತು, ಅದೂ ದಾನವಾಗಿ ಅಲ್ಲ, 19 ಕೋಟಿ ಡಾಲರ್ ಸಾಲವಾಗಿ. ಹಸಿದ ದೇಶವೊಂದು ಅನ್ನ ಕೊಡೋನ ಎದುರು ಹೀಗೆ ನಿಲ್ಲಬಹುದಾ? ಬಿಹಾರದ ಕೂಲಿಯವನನ್ನು ಕೇಳಿದ್ದರೆ ಏನು ಹೇಳ್ತಿದ್ದನೋ. ನನಗೆ ಈ ಪ್ರಶ್ನೆಗೆ ಸುಲಭದ ಉತ್ತರ ಇಲ್ಲ, ಇದ್ದವರನ್ನು ನೋಡಿದರೆ ಅನುಮಾನ.

ಇನ್ನೊಂದು ಕಹಿ ಮಾತೂ ಹೇಳಬೇಕು. ಅದೇ 1950ರ ಅಕ್ಟೋಬರ್‌ನಲ್ಲಿ ಚೀನಾ ಸೈನ್ಯ ಟಿಬೆಟ್‌ಗೂ ನುಗ್ಗಿತು. ನವೆಂಬರ್‌ನಲ್ಲಿ ಎಲ್ ಸಾಲ್ವಡಾರ್ ಅನ್ನೋ ಪುಟ್ಟ ದೇಶ ವಿಷಯವನ್ನು ವಿಶ್ವಸಂಸ್ಥೆಯಲ್ಲಿ ಎತ್ತಿತು. ಭಾರತದ ಪರವಾಗಿ ಜಾಮ್ ಸಾಹೇಬರು, ಇದು ಶಾಂತಿಯಿಂದ ಬಗೆಹರಿಯುತ್ತೆ ಅಂತ ಹೇಳಿದರು, ಚರ್ಚೆ ಮುಂದಕ್ಕೆ ಹೋಯಿತು. ಕೊರಿಯಾದಲ್ಲಿ ಮಧ್ಯಸ್ಥಿಕೆಗೆ ಚೀನಾದ ಬಾಗಿಲು ತೆರೆದಿರಬೇಕು, ಅದಕ್ಕೆ ಟಿಬೆಟ್ ವಿಷಯದಲ್ಲಿ ದನಿ ತಗ್ಗಿಸಬೇಕು. ಕೊರಿಯಾದಲ್ಲಿ ಗೆರೆ ದಾಟಿದ್ದನ್ನು ತಪ್ಪು ಅಂದವರು ಇಲ್ಲಿ ಸುಮ್ಮನಾದರು. ಇವತ್ತು ಬೈಲಕುಪ್ಪೆಯಲ್ಲಿ ಮೊಮೊ ತಿನ್ನೋಕೆ ಹೋಗೋ ನಮಗೆ ಆ ಮೌನದ ಇನ್ನೊಂದು ತುದಿ ಕಣ್ಣೆದುರೇ ಇದೆ.

ಕಾಶ್ಮೀರವೂ ಅದೇ ಮೇಜಿನ ಮೇಲಿತ್ತು. 1951ರ ಮಾರ್ಚ್‌ನಲ್ಲಿ ಬ್ರಿಟನ್, ಅಮೆರಿಕ ಸೇರಿ ಕಾಶ್ಮೀರದ ಬಗ್ಗೆ ತಂದ ನಿರ್ಣಯವನ್ನು ರಾವ್ ಭದ್ರತಾ ಮಂಡಳಿಯಲ್ಲಿ ವಿರೋಧಿಸಿದರು. ಎರಡು ತಿಂಗಳ ಹಿಂದೆ ಯಾರ ಮಾತು ಕೇಳಲಿಲ್ಲವೋ ಅವರೇ ಈಗ ನಮ್ಮ ವಿಷಯದ ತೀರ್ಪುಗಾರರು. ಅದೇ ಸಂಸ್ಥಾನದ ಪ್ರಧಾನಿಯಾಗಿದ್ದವರು ಈಗ ಅದರ ಬಗ್ಗೆ ವಾದ ಮಾಡಬೇಕಾಯಿತು.

1951ರ ಡಿಸೆಂಬರ್‌ನಲ್ಲಿ ರಾವ್ ಹೇಗ್ ನಗರದ ಅಂತಾರಾಷ್ಟ್ರೀಯ ನ್ಯಾಯಾಲಯಕ್ಕೆ ಆಯ್ಕೆಯಾದರು. 1952ರ ಫೆಬ್ರವರಿಯಿಂದ ಮತ್ತೆ ಜಡ್ಜ್. ಅಲ್ಲಿಗೆ ಬಂದ ದೊಡ್ಡ ಕೇಸು ಇರಾನಿನ ತೈಲದ್ದು, ಬ್ರಿಟನ್ ಮತ್ತು ಇರಾನ್ ನಡುವೆ. ರಾವ್ ಆ ಕೇಸಿನಲ್ಲಿ ಕೂರಲಿಲ್ಲ. ಭದ್ರತಾ ಮಂಡಳಿಯಲ್ಲಿ ಇದೇ ವಿಷಯ ಬಂದಾಗ ತಾನು ಭಾರತದ ಪ್ರತಿನಿಧಿಯಾಗಿದ್ದೆ, ಈಗ ತೀರ್ಪು ಕೊಡೋದು ಸರಿಯಲ್ಲ ಅಂತ ತಾವಾಗಿಯೇ ಹಿಂದೆ ಸರಿದರು.

ಅತ್ತ ಕೊರಿಯಾದಲ್ಲಿ ಸಂಧಾನ ಒಂದೇ ವಿಷಯಕ್ಕೆ ಸಿಕ್ಕಿಹಾಕಿಕೊಂಡಿತ್ತು. ಯುದ್ಧಕೈದಿಗಳಲ್ಲಿ ಸಾವಿರಾರು ಜನ ತಮ್ಮ ದೇಶಕ್ಕೆ ವಾಪಸ್ ಹೋಗಲ್ಲ ಅಂತಿದ್ದರು. ಬಲವಂತವಾಗಿ ಕಳಿಸಬೇಕಾ, ಬೇಡವಾ? 1952ರ ಡಿಸೆಂಬರ್‌ನಲ್ಲಿ ಭಾರತದ ನಿರ್ಣಯ, ಈ ಸಲ ಕೃಷ್ಣ ಮೆನನ್ ತಂದದ್ದು, 54 ಮತಗಳಿಂದ ಪಾಸಾಯಿತು. ಚೀನಾ ಮತ್ತು ರಷ್ಯಾ ಮೊದಲು ಬೈದವು. ಸ್ಟಾಲಿನ್ ಸತ್ತ ಮೇಲೆ ಹೆಚ್ಚು ಕಡಿಮೆ ಅದೇ ದಾರಿಗೆ ಬಂದವು. ವಾಪಸ್ ಹೋಗದ ಕೈದಿಗಳನ್ನು ನೋಡಿಕೊಳ್ಳಲು ಐದು ತಟಸ್ಥ ದೇಶಗಳ ಆಯೋಗ ಆಯಿತು. ಅದಕ್ಕೆ ಯಾರು ಅಧ್ಯಕ್ಷರಾಗಬೇಕು ಅಂದಾಗ ಎರಡೂ ಕಡೆಯವರು ಒಪ್ಪಿದ ದೇಶ ಭಾರತ. 1951ರ ಫೆಬ್ರವರಿಯಲ್ಲಿ ನಾವೂ ಆ 44ರ ಜೊತೆ ಸೇರಿಬಿಟ್ಟಿದ್ದರೆ ಚೀನಾ ನಮ್ಮನ್ನು ಒಪ್ಪುತ್ತಿರಲಿಲ್ಲ ಅಂತ ನನಗನ್ನಿಸುತ್ತೆ.

ಅಧ್ಯಕ್ಷರಾಗಿ ಹೋದವರು ಮಡಿಕೇರಿಯ ಜನರಲ್ ಕೆ.ಎಸ್. ತಿಮ್ಮಯ್ಯ. ಕಾವಲಿಗೆ ಭಾರತದ ಸುಮಾರು ಆರು ಸಾವಿರ ಸೈನಿಕರು. ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ಭಾರತದವರು ನಮ್ಮ ನೆಲ ತುಳಿಯಬಾರದು ಅಂತ ಹಟ ಹಿಡಿದ. ಹಾಗಾಗಿ ನಮ್ಮ ಸೈನಿಕರನ್ನು ಹಡಗಿನಿಂದಲೇ ಹೆಲಿಕಾಪ್ಟರ್‌ನಲ್ಲಿ ಎತ್ತಿ ನಡುವಿನ ನಿಸ್ಸೇನಾ ವಲಯದಲ್ಲಿ ಇಳಿಸಿದರು. ಇಪ್ಪತ್ತೆರಡು ಸಾವಿರಕ್ಕೂ ಹೆಚ್ಚು ಕೈದಿಗಳು. ಒಬ್ಬೊಬ್ಬರನ್ನೂ ಡೇರೆಯೊಳಗೆ ಕರೆದು, ಅವರ ದೇಶದವರು ಬಂದು ವಿವರಿಸಿದ ಮೇಲೆ, ಹೋಗ್ತೀಯಾ ಇಲ್ಲವಾ ಅಂತ ಕೇಳಬೇಕು. ಡೇರೆಗೆ ಎರಡು ಬಾಗಿಲು.

ರಾವ್ ಅವರ ಆರೋಗ್ಯ ಅಷ್ಟು ಹೊತ್ತಿಗೆ ಕೆಟ್ಟಿತ್ತು. 1953ರ ನವೆಂಬರ್ 30ರಂದು ಸ್ವಿಟ್ಜರ್‌ಲೆಂಡಿನ ಜೂರಿಕ್‌ನಲ್ಲಿ ತೀರಿಕೊಂಡರು. ವಯಸ್ಸು 66. ನ್ಯಾಯಾಲಯದಲ್ಲಿ ಅವರ ಖಾಲಿ ಕುರ್ಚಿಗೆ ಮರುವರ್ಷ ಆಯ್ಕೆಯಾದವರು ವಿಶ್ವಸಂಸ್ಥೆಯಲ್ಲಿ ಕಾಶ್ಮೀರದ ಬಗ್ಗೆ ಭಾರತದ ವಿರುದ್ಧ ವಾದಿಸಿದ್ದ ಪಾಕಿಸ್ತಾನದ ಜಫರುಲ್ಲಾ ಖಾನ್. ರಾವ್ ತೀರಿಕೊಂಡ ದಿನ ಕೊರಿಯಾದ ಆ ಡೇರೆಗಳಲ್ಲಿ ಕೈದಿಗಳನ್ನು ಕೇಳೋ ಕೆಲಸ ಇನ್ನೂ ಮುಗಿದಿರಲಿಲ್ಲ.